ಒಲೆ ಒಡೆದ ಕಾಕೂ

ಕಾಕೂ ಅವರ ಬಲಗೈಯಲ್ಲಿ ಬೆರಳ ತುದಿಯಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಮೂವತ್ತು ವರ್ಷ ಒಲೆಯ ಬಾಯಿಗೆ ಚಾಚಿದ ಕೈ ಅದು. ಉರಿ ಕೂದಲನ್ನೆಲ್ಲ ಸುಟ್ಟು ಚರ್ಮವನ್ನು ಹಳೆಯ ಲಟ್ಟಣಿಗೆಯಂತೆ ನುಣ್ಣಗೆ ಮಾಡಿತ್ತು. ಎಡಗೈ ಮಾತ್ರ ಎಲ್ಲರ ಕೈಯಂತೆಯೇ ಇತ್ತು. ಅವರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರೆ ಇಬ್ಬರು ಬೇರೆ ಬೇರೆ ಹೆಂಗಸರು ಒಂದೊಂದು ಕೈ ಕೊಟ್ಟಂತೆ ಕಾಣುತ್ತಿತ್ತು.

ದಾಂಡೇಲಿಯ ಪೇಟೆಯ ಹಿಂದಿನ ಒಂದು ಓಣಿಯಲ್ಲಿ ಅವರ ಖಾನಾವಳಿ. ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದು ಒಂಟಿಯಾಗಿ ಇರುವ ಗಂಡಸರು, ಲಾರಿ ಡ್ರೈವರುಗಳು, ಅಂಬಿಕಾನಗರಕ್ಕೆ ಹೋಗಿ ಬರುವ ಗುತ್ತಿಗೆ ಕೆಲಸದವರು ಅಲ್ಲಿ ಉಣ್ಣುತ್ತಿದ್ದರು. ಎಲ್ಲರಿಗೂ ಅವರು ಕಾಕೂ. ನಾನು ಮುಂಡಗೋಡ ತಾಲೂಕಿನ ಪಾಳಾದವಳು. ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ದಾಂಡೇಲಿಗೆ ಬಂದಾಗ ಖಾನಾವಳಿಯ ಮೇಲಿನ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನವೇ ಅವರು ನನ್ನ ಪೆಟ್ಟಿಗೆಯ ಒಂದು ತುದಿ ಹಿಡಿದು ಮೆಟ್ಟಿಲು ಹತ್ತಿಸಿ, "ಅಕ್ಕೋರ, ಮ್ಯಾಲೆ ಬಿಸಲಿಲ್ಲ, ಸೊಳ್ಳಿಲ್ಲ. ಹೊಗಿ ಬರ್ತೈತಿ, ಅದೊಂದ ಸಂಭಾಳಿಸ್ಕೋರಿ" ಎಂದರು. ಹೊಗೆ ನಿಜಕ್ಕೂ ಬರುತ್ತಿತ್ತು. ಹಲಗೆಯ ಸಂದಿಯಿಂದ ಏರಿ ನನ್ನ ಹಾಸಿಗೆ, ಪುಸ್ತಕ, ಸೀರೆ ಎಲ್ಲಕ್ಕೂ ಹತ್ತಿಕೊಳ್ಳುತ್ತಿತ್ತು. ಶಾಲೆಯಲ್ಲಿ ಹುಡುಗಿಯರು, "ಅಕ್ಕೋರ, ನಿಮ್ಮ ಸೀರಿ ರೊಟ್ಟಿ ವಾಸನಿ ಹೊಡೀತೈತಿ" ಎಂದು ನಗುತ್ತಿದ್ದರು. ನನಗೂ ಆ ವಾಸನೆ ಇಷ್ಟವಾಗಿತ್ತು. ಅದು ನನ್ನ ಅವ್ವನ ಅಡಿಗೆಮನೆಯ ವಾಸನೆಯೂ ಆಗಿತ್ತು.

ಕಾಕೂ ಅವರ ಗಂಡ ಲಾರಿ ಓಡಿಸುತ್ತಿದ್ದವರು. ನಾನು ಬರುವ ಎರಡು ವರ್ಷ ಮೊದಲೇ ಹೋಗಿಬಿಟ್ಟಿದ್ದರು. ಒಂದು ಬೆಳಿಗ್ಗೆ ಎದೆಯಲ್ಲಿ ಏನೋ ಕಟ್ಟಿದ ಹಾಗಾಗುತ್ತಿದೆ ಎಂದರಂತೆ. ಗ್ಯಾಸ್ ಇರಬೇಕೆಂದು ಕಾಕೂ ಸೋಡಾ ತರಿಸಿ, ಲಿಂಬೆ ಹಿಂಡಿ ಕುಡಿಸಿದರು. ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಂಚದ ಮೇಲೆ ಮಲಗಿದವರು, ಕಾಕೂ ಹನ್ನೆರಡು ರೊಟ್ಟಿ ಬಡಿದು ಎದ್ದು ಹೋಗಿ ನೋಡುವಷ್ಟರಲ್ಲಿ ತಣ್ಣಗಾಗಿದ್ದರು. ವಯಸ್ಸು ನಲವತ್ತೆಂಟು. ಬಂದವರೆಲ್ಲ, "ಬೀಡಿ ಭಾಳ ಸೇದ್ತಿದ್ದ" ಎಂದರು, "ಹಣೀಬರಾ" ಎಂದರು, ಹೋದರು. ಕಾಕೂ ಅದನ್ನು ನನಗೆ ಹೇಳುವಾಗ ಅಳಲಿಲ್ಲ. "ಹನ್ನೆರಡು ರೊಟ್ಟಿ ಅಕ್ಕೋರ. ಅಷ್ಟ್ರಾಗ ದವಾಖಾನಿ ಮುಟ್ಟತಿದ್ವಿ" ಎಂದು ಮಾತ್ರ ಅಂದರು.

ನಾನು ಬಂದ ವರ್ಷದ ಕೊನೆಯಲ್ಲಿ ಕಾಕೂ ಮೆಟ್ಟಿಲ ನಡುವೆ ನಿಲ್ಲತೊಡಗಿದರು. ನನಗೆ ರೊಟ್ಟಿ ಕೊಡಲು ಮೇಲೆ ಬರುವಾಗ ಆರನೆಯ ಮೆಟ್ಟಿಲಿಗೆ ತಟ್ಟೆ ಇಟ್ಟು, ಗೋಡೆ ಹಿಡಿದು, ಏನೋ ನೆನಪು ಮಾಡಿಕೊಳ್ಳುತ್ತಿರುವವರಂತೆ ನಟಿಸುತ್ತಿದ್ದರು. ಒಂದು ದಿನ ನಾನು ಇಳಿದು ಹೋಗಿ ಅವರ ಕೈ ಹಿಡಿದಾಗ ಅಂಗೈ ಒದ್ದೆಯಾಗಿತ್ತು. ಮರುದಿನ ಹಟ ಹಿಡಿದು ಧಾರವಾಡಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ನನ್ನ ವಯಸ್ಸಿನ ಹುಡುಗ. ಪರೀಕ್ಷೆಗಳೆಲ್ಲ ಮುಗಿದು, ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ, ಮನೆಗೆ ಕಳಿಸುವ ದಿನ ಕಾಗದ ನೋಡುತ್ತಾ ಕೇಳತೊಡಗಿದ.

"ಬೀಡಿ, ಸಿಗರೇಟ್ ಏನಾದರೂ?"

"ನಾ ಹೆಣ್ಣಮಗಳರೀ."

"ತಂಬಾಕು?"

"ಹಲ್ಲಿಗೂ ಹಚ್ಚಿಲ್ಲ."

"ಸಕ್ಕರೆ ಕಾಯಿಲೆ ಇಲ್ಲ. ಬೀಪಿ ಇದೆ. ಆದರೆ ಅದೊಂದಕ್ಕೇ ಇಷ್ಟು ಆಗಬೇಕಾಗಿರಲಿಲ್ಲ. ಅಡುಗೆ ಯಾವುದರ ಮೇಲೆ ಮಾಡುತ್ತೀರಿ?"

"ಕಟ್ಟಿಗಿ ಒಲಿ. ಖಾನಾವಳಿ ಐತ್ರಿ ನಂದು. ನಸಿಕಿನ್ಯಾಗ ಹಚ್ಚಿದ್ರ ಮಧ್ಯಾಹ್ನ ಆರಸ್ತೇನಿ. ಮತ್ತ ಸಂಜಿಗೆ ಹಚ್ಚತೇನಿ."

"ಎಷ್ಟು ವರ್ಷದಿಂದ?"

"ಮೂವತ್ತ ಆತು."

ಡಾಕ್ಟರು ಪೆನ್ನು ಕೆಳಗಿಟ್ಟ. "ಅಮ್ಮ, ನೀವು ಬೀಡಿ ಸೇದಿಲ್ಲ ಅಷ್ಟೇ. ಹೊಗೆ ಸೇದಿದ್ದೀರಿ. ದಿನಾ, ಎರಡು ಹೊತ್ತು" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕೂ ಗುಳಿಗೆಯ ಚೀಟಿಯನ್ನು ಮಡಿಚಿ ಸೆರಗಿನ ಗಂಟಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ನೀವು ಸಾಲ್ಯಾಗ ಕಲಸ್ತೀರಿ. ಹೊಗಿ ಮೂಗಿನ್ಯಾಗಿಂದ ಪುಪ್ಪುಸಕ್ಕ ಹೋಗ್ತದ. ಕೆಮ್ಮ ಬರಬೇಕು. ಗುಂಡಗಿ ಯಾಕ ಕೆಡತದ?" ಎಂದು ಕೇಳಿದರು.

ಬೋರ್ಡಿನ ಮೇಲೆ ಹೃದಯದ ನಾಲ್ಕು ಕೋಣೆಗಳನ್ನು ನಾನು ಎಷ್ಟು ಸಲ ಬರೆದಿದ್ದೆನೋ. ಈ ಪ್ರಶ್ನೆಯನ್ನು ಯಾವ ಹುಡುಗಿಯೂ ಕೇಳಿರಲಿಲ್ಲ. ತಿಳಿದಷ್ಟು ಹೇಳಿದೆ. ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ, ಅವು ಪುಪ್ಪುಸದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿಯುತ್ತವೆ, ರಕ್ತನಾಳದ ಗೋಡೆಯನ್ನು ಕೆರಳಿಸುತ್ತವೆ, ನಾಳ ಬಿರುಸಾಗಿ ಸಣ್ಣದಾಗುತ್ತದೆ, ಅದರ ಮೇಲೆ ಬೀಪಿಯೂ ಉಪ್ಪೂ ಎಣ್ಣೆಯೂ ತಂಬಾಕೂ ಸೇರಿದರೆ ಒಂದು ದಿನ ಮುಚ್ಚಿಯೇಬಿಡುತ್ತದೆ ಎಂದೆ. ಕಾಕೂ ಒಂದೂ ಮಾತು ತಪ್ಪಿಸದೆ ಕೇಳಿದರು. ಹಳಿಯಾಳ ಬಂತು. ಜನ ಇಳಿದರು, ಹತ್ತಿದರು.

"ಹಂಗಾರ ನಮ್ಮ ಮನೆಯವರನ್ನ ಬೀಡಿ ಒಂದ ಕೊಂದಿಲ್ಲ. ನನ್ನ ಒಲಿಯೂ ಕೊಂದೈತಿ."

"ಹಂಗ್ಯಾಕ ಅಂತೀರಿ ಕಾಕೂ?"

"ಅಳಾಕತ್ತಿಲ್ಲ ಅಕ್ಕೋರ. ಕಳ್ಳ ಯಾರು ಅಂತ ಹುಡುಕಾಕತ್ತೇನಿ."

ಮರುದಿನ ಬೆಳಿಗ್ಗೆ ಕೆಳಗಿನಿಂದ ಬಂದ ಸದ್ದಿಗೆ ನಾನು ಓಡಿ ಇಳಿದೆ. ಕಾಕೂ ಸೆರಗು ಸಿಕ್ಕಿಸಿಕೊಂಡು ಕಬ್ಬಿಣದ ಹಾರೆಯಿಂದ ಒಲೆಯನ್ನು ಒಡೆಯುತ್ತಿದ್ದರು. ಅವರ ಅತ್ತೆ ಕಟ್ಟಿದ ಒಲೆ. ಹಬ್ಬಕ್ಕೆ ಸುಣ್ಣ ಕೆಮ್ಮಣ್ಣು ಬಳಿದು ಅರಿಶಿನ ಕುಂಕುಮ ಏರಿಸಿ ಪೂಜಿಸುತ್ತಿದ್ದ ಒಲೆ. "ಡಾಕ್ಟರು ಭಾರ ಎತ್ತಬ್ಯಾಡ ಅಂದಾರಲ್ರಿ!" ಎಂದು ನಾನು ಕೂಗಿದೆ. ಮೂರನೆಯ ಏಟಿಗೆ ಅವರು ಕೂತುಬಿಟ್ಟರು. ಏದುಸಿರು ಬಿಡುತ್ತಾ ಹಾರೆಯನ್ನು ನನ್ನ ಕಡೆ ನೂಕಿ, "ಖರೇ ಐತಿ. ಉಳಿದದ್ದು ನೀವು ಒಡೀರಿ" ಎಂದರು.

ನಾನು ಅಲ್ಲಿಯವರೆಗೆ ಬೇಕೆಂದು ಒಂದು ಕಪ್ಪನ್ನೂ ಒಡೆದವಳಲ್ಲ. ಆ ಬೆಳಿಗ್ಗೆ ಒಂದು ಒಲೆ ಒಡೆದೆ. ಕಾಕೂ ಪಕ್ಕದಲ್ಲಿ ಕೂತು, "ಆ ಮೂಲಿ ಬಿಟ್ಟೀರಿ" ಎಂದು ತೋರಿಸುತ್ತಿದ್ದರು.

ಗ್ಯಾಸ್ ಒಲೆಯ ಮೇಲಿನ ರೊಟ್ಟಿ ಮೊದಲ ದಿನ ಯಾರಿಗೂ ಸೇರಲಿಲ್ಲ. ಖಾನಾವಳಿಯ ಹಳೆಯ ಗಿರಾಕಿ, ಸವದತ್ತಿ ಕಡೆಯ ಫಿಟ್ಟರ್ ಒಬ್ಬರಿದ್ದರು, ಸ್ಥೂಲ ಮೈಯ, ದೊಡ್ಡ ದನಿಯ ಮನುಷ್ಯ. ಅವರು ರೊಟ್ಟಿ ಮೂಸಿ ತಟ್ಟೆಗೆ ಹಾಕಿ, "ಕಾಕೂ, ರೊಟ್ಟಿಗೆ ಹೊಗಿ ವಾಸನಿನ ಇಲ್ಲ" ಎಂದರು.

"ಆ ವಾಸನಿ ಎಲ್ಲಾ ನನ್ನ ಎದ್ಯಾಗ ಕುಂತೈತಿ. ಬೇಕಾದ್ರ ದವಾಖಾನಿಗೆ ಬಂದು ಮೂಸು."

ಎಲ್ಲರೂ ನಕ್ಕರು. ನಗು ಒಂದು ವಾರ ಇತ್ತು. ಮುಂದಿನ ವಾರ ಕಾಕೂ ಉಪ್ಪಿಗೆ ಕೈ ಹಾಕಿದರು. ಬೇಳೆಯಲ್ಲಿ ಉಪ್ಪು ಅರ್ಧಕ್ಕೆ ಇಳಿಯಿತು, ಹಪ್ಪಳ ಉಪ್ಪಿನಕಾಯಿ ವಾರಕ್ಕೊಂದು ದಿನಕ್ಕೆ ನಿಂತವು, ಊಟದ ಸಾಲಿನಲ್ಲಿ ಇರುತ್ತಿದ್ದ ಉಪ್ಪಿನ ಬಟ್ಟಲು ಅವರ ಹಿಂದಿನ ಗೋಡೆಯ ಮಾಡಕ್ಕೆ ಹೋಯಿತು. ಬೇಕಾದವರು ಎದ್ದು ಬಂದು, ಎಲ್ಲರ ಎದುರು ಕೇಳಿ ಪಡೆಯಬೇಕು. ಬಾಗಿಲಲ್ಲಿ ಒಂದು ತಗಡಿನ ಡಬ್ಬಿ ಇಟ್ಟರು. ಗುಟ್ಕಾ ಚೀಟಿ, ತಂಬಾಕಿನ ಪುಡಿಕೆ, ಬೀಡಿ ಕಟ್ಟು, ಎಲ್ಲ ಅದರಲ್ಲಿ ಹಾಕಿ ಒಳಗೆ ಬರಬೇಕು. ಹೋಗುವಾಗ ತೆಗೆದುಕೊಂಡು ಹೋಗಬಹುದು. ಒಂದು ಚೀಟಿಯನ್ನೂ ಅವರು ಎಸೆಯಲಿಲ್ಲ. "ಬ್ಯಾರೇದವರ ಜಿನಸು ನಾ ಯಾಕ ಚೆಲ್ಲಲಿ? ತಾವಾಗಿ ಮರತ ಹೋಗಲಿ" ಎನ್ನುತ್ತಿದ್ದರು. ಕೆಲವರು ಮರೆತೂ ಹೋದರು. ಕೆಲವರು ಬೇರೆ ಖಾನಾವಳಿಗೆ ಹೋದರು. ಫಿಟ್ಟರ್ ಎದ್ದು ನಿಂತು, "ನಾವು ರೊಕ್ಕಾ ಕೊಟ್ಟು ಉಣ್ಣತೇವಿ. ನೀವೇನ ನಮ್ಮ ಅವ್ವನ?" ಎಂದು ಗದರಿದ ದಿನ ನಾನು ಅಲ್ಲೇ ಇದ್ದೆ.

ಕಾಕೂ ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದರು. "ಅವ್ವ ಅಲ್ಲ. ನಿಮ್ಮವ್ವ ಊರಾಗ ಕುಂತು ಮಗಾ ಚಲೋ ಉಣ್ಣಾಕತ್ತಾನ ಅನಕೊಂಡಾಳ. ಆಕೀಗೆ ನಾ ಸುಳ್ಳ ಹೇಳಂಗಿಲ್ಲ. ಕುಂದ್ರು, ಪಲ್ಯಾ ಆರತೈತಿ" ಎಂದರು. ಫಿಟ್ಟರ್ ಕುಳಿತರು. ಉಪ್ಪು ಕೇಳಲಿಲ್ಲ.

ಆ ನಂತರ ಆಸ್ಪತ್ರೆಯ ಸಿಸ್ಟರ್ ಒಬ್ಬರನ್ನು ಕಾಡಿ ಬೇಡಿ ತಿಂಗಳಿಗೊಮ್ಮೆ ಬೀಪಿ ಯಂತ್ರದೊಂದಿಗೆ ಖಾನಾವಳಿಯಲ್ಲಿ ಕೂರಿಸಿದರು. ತೋಳು ಚಾಚದವರಿಗೆ ಎರಡನೆಯ ರೊಟ್ಟಿ ಇಲ್ಲ. ಫಿಟ್ಟರ್ ಅವರ ತೋಳಿಗೆ ಪಟ್ಟಿ ಸುತ್ತಿದಾಗ ಸಿಸ್ಟರ್ ಎರಡು ಸಲ ನೋಡಿ, ಮೂರನೆಯ ಸಲವೂ ನೋಡಿ, ಈಗಿಂದೀಗಲೇ ಡಾಕ್ಟರ ಹತ್ತಿರ ನಡೆಯಿರಿ ಎಂದರು. ತಲೆ ಸಹ ನೋಯದ ಮನುಷ್ಯ. ಅಂದಿನಿಂದ ಅವರು ಗುಳಿಗೆ ನುಂಗುವುದು ಖಾನಾವಳಿಯಲ್ಲೇ, ಕಾಕೂ ನೋಡುತ್ತಿರುವಾಗ.

ಓಣಿಯ ಹಿಂದೆ ಒಂದು ಖಾಲಿ ಬಯಲಿತ್ತು. ಗುಜರಿ ವ್ಯಾಪಾರಿ ಒಬ್ಬ ಅಲ್ಲಿ ಹಳೆಯ ವಿದ್ಯುತ್ ತಂತಿಗಳನ್ನು ರಾಶಿ ಹಾಕಿ ಸುಡುತ್ತಿದ್ದ. ಮೇಲಿನ ರಬ್ಬರು, ಪ್ಲಾಸ್ಟಿಕ್ ಸುಟ್ಟುಹೋದರೆ ಒಳಗಿನ ತಾಮ್ರ ಕೈಗೆ ಬರುತ್ತದೆ. ಚಳಿಗಾಲದಲ್ಲಿ ಕಾಳಿ ಹೊಳೆಯ ಕಡೆಯಿಂದ ಮಂಜು ಕವಿದಾಗ ಆ ಕಪ್ಪು ಹೊಗೆ ಮೇಲಕ್ಕೇಳದೆ ಮನೆಗಳ ನಡುವೆಯೇ ಮಲಗುತ್ತಿತ್ತು. ಆ ಒಂದು ಚಳಿಗಾಲದಲ್ಲೇ ನಮ್ಮ ಓಣಿಯಲ್ಲಿ ಎರಡು ಸಾವಾದವು. ಒಬ್ಬ ದರ್ಜಿ, ನಲವತ್ತು ದಾಟಿದ್ದನಷ್ಟೇ. ಇನ್ನೊಬ್ಬಳು ಮನೆಯಲ್ಲೇ ಹಪ್ಪಳ ಲಟ್ಟಿಸಿ ಮಾರುತ್ತಿದ್ದ ಹೆಂಗಸು. ಇಬ್ಬರದೂ ಎದೆನೋವು.

ಕಾಕೂ ಓಣಿಯ ಮುಖಂಡರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಮುಖಂಡರು ಚಹಾ ಕೊಟ್ಟರು. "ದರ್ಜಿ ಗುಟ್ಕಾ ತಿಂತಿದ್ದ. ಆ ಹೆಣ್ಣಮಗಳಿಗೆ ಸಕ್ಕರಿ ಬ್ಯಾನಿ ಇತ್ತು. ಹೊಗಿಗ್ಯಾಕ ಹೆಸರಿಡತೀರಿ?" ಎಂದರು.

"ಗುಟ್ಕಾನೂ ಹೌದು, ಸಕ್ಕರಿನೂ ಹೌದ್ರಿ. ಒಂದ ಮನಿಗೆ ನಾಕು ಮಂದಿ ಕಳ್ಳರು ನುಗ್ಯಾರ. ಮೂರು ಮಂದೀನ ಹಿಡದು, ನಾಕನೇದವನ್ನ ಚಹಾ ಕುಡಿಸಿ ಕಳಸ್ತೀರೇನು?"

"ಸಾಬೀತ ಮಾಡ್ರಿ ಕಾಕೂ. ಹೊಗಿಯಿಂದನ ಸತ್ತ್ರು ಅಂತ ಯಾವ ಡಾಕ್ಟರು ಬರದ ಕೊಟ್ಟಾನ?"

ಕಾಕೂ ಚಹಾ ಮುಟ್ಟದೆ ಎದ್ದು ಬಂದರು. ದಾರಿಯಲ್ಲಿ ಒಂದೇ ಮಾತು: "ಸಾಬೀತ ಮಾಡೂಣು."

ಮುಂದಿನ ಭಾನುವಾರ ಅವರು ಮುಖಂಡರನ್ನೂ, ಗುಜರಿ ವ್ಯಾಪಾರಿಯನ್ನೂ, ಇನ್ನಿಬ್ಬರು ಹಿರಿಯರನ್ನೂ ಊಟಕ್ಕೆ ಕರೆದರು. ಕಾಕೂ ಮಾಡುವ ಹೋಳಿಗೆಗೆ ಒಲ್ಲೆ ಅನ್ನುವವರು ದಾಂಡೇಲಿಯಲ್ಲಿ ಇರಲಿಲ್ಲ. ನಾಲ್ವರೂ ಇಸ್ತ್ರಿ ಅಂಗಿ ತೊಟ್ಟು ಬಂದರು. ಕಾಕೂ ಅವರನ್ನು ಖಾನಾವಳಿಯ ಒಳಗೆ ಕರೆಯಲಿಲ್ಲ. "ಒಳಗ ಜಾಗಾ ಸಾಲಂಗಿಲ್ಲ. ಹಿಂದ ಬಯಲಾಗ ಹಾಸೇನಿ, ಬರ್ರಿ" ಎಂದು ಕರೆದುಕೊಂಡು ಹೋದರು. ತಂತಿ ಸುಡುವ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ, ಗಾಳಿ ಬೀಸುವ ಕಡೆಗೆ, ಜಮಖಾನೆ ಹಾಸಿ, ತಟ್ಟೆ ಇಟ್ಟು, ತುಪ್ಪದ ತಂಬಿಗೆಯನ್ನೂ ಇಟ್ಟಿದ್ದರು. ಗುಜರಿಯ ಇಬ್ಬರು ಕೆಲಸಗಾರರು ಎಂದಿನಂತೆ ಬೆಂಕಿ ಹಚ್ಚಿದ್ದರು. ಓಣಿಯ ಹೆಂಗಸರು ಹಿತ್ತಿಲ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು.

ವ್ಯಾಪಾರಿಯ ಮುಖ ಬದಲಾಯಿತು. "ಏ, ಆರಿಸ್ರೋ ಅದನ್ನ" ಎಂದು ಕೂಗಿದ.

"ಆರಸಬ್ಯಾಡ" ಎಂದರು ಕಾಕೂ. "ದಿನಾ ಉರೀತದಲ್ಲ, ಉರೀಲಿ. ಕುಂದ್ರಿ. ನಾನೂ ನಿಮ್ಮ ಜೋಡಿ ಕುಂದರತೇನಿ." ತಾವೇ ಮೊದಲು ಕುಳಿತರು. ಹೃದಯದ ಗುಳಿಗೆ ನುಂಗುತ್ತಿದ್ದ ಹೆಂಗಸು. ನಾನು ಅವರ ಭುಜ ಹಿಡಿದು ಎಬ್ಬಿಸಲು ಹೋದೆ. ನನ್ನ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು.

ಹೊಗೆ ಒಂದು ಸುತ್ತು ಸುತ್ತಿ ಜಮಖಾನೆಯ ಮೇಲೆ ಇಳಿಯಿತು. ಮುಖಂಡರು ಒಂದು ತುತ್ತು ಬಾಯಿಗಿಟ್ಟು ಕೆಮ್ಮಿದರು. ಇನ್ನೊಬ್ಬರ ಕಣ್ಣಿನಿಂದ ನೀರು ಸುರಿಯಿತು. ವ್ಯಾಪಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎದ್ದೇಬಿಟ್ಟ. ಹೋಳಿಗೆಯ ಮೇಲೆ ಕಪ್ಪು ಮಸಿಯ ಕಣಗಳು ಉದುರಿದ್ದು ಎಲ್ಲರಿಗೂ ಕಾಣುತ್ತಿತ್ತು.

"ಐದು ನಿಮಿಷ ಆಗಿಲ್ಲರೀ" ಎಂದರು ಕಾಕೂ. ಅವರಿಗೂ ಕೆಮ್ಮು ಬರುತ್ತಿತ್ತು. "ಕಟ್ಟಿ ಮ್ಯಾಲೆ ಕುಂತು ಹಪ್ಪಳ ಲಟ್ಟಸಾಕಿ ಇದನ್ನ ಎಷ್ಟ ವರ್ಷ ಉಂಡಾಳ? ಸಾಬೀತ ಬೇಕಂದ್ರಿ. ತಾಟಿನ್ಯಾಗ ಐತಿ, ನೋಡಕೋರಿ."

"ನಾ ಬೇಕಂತ ಮಾಡ್ತೇನೇನು ಕಾಕೂ? ಹೊಟ್ಟಿಪಾಡು" ಎಂದ ವ್ಯಾಪಾರಿ.

"ಹೊಟ್ಟಿ ನಿಂದು. ಎದಿ ನಮ್ದು."

ಮಾರನೆಯ ದಿನದಿಂದ ಬಯಲಿನಲ್ಲಿ ಬೆಂಕಿ ಇರಲಿಲ್ಲ. ಓಣಿಯವರು ಕಾಕೂ ಗೆದ್ದರೆಂದರು. ಹತ್ತು ದಿನ ಕಳೆದ ಮೇಲೆ, ಹಳಿಯಾಳ ರಸ್ತೆಯ ಬದಿಯಲ್ಲಿ, ನಾಲ್ಕಾರು ಗುಡಿಸಲುಗಳ ಹಿಂದೆ ಅದೇ ಕಪ್ಪು ಹೊಗೆ ಏಳುತ್ತಿದೆ ಎಂದು ಲಾರಿ ಡ್ರೈವರ್ ಒಬ್ಬ ಹೇಳಿದ. ಓಣಿಯ ಹೆಂಗಸರು, "ನಮ್ಮ ಪೀಡಾ ಹೋತಲ್ಲ, ಇನ್ನ್ಯಾಕ?" ಎಂದರು. ಕಾಕೂ ಸಿಟ್ಟಾದದ್ದನ್ನು ನಾನು ನೋಡಿದ್ದು ಅವತ್ತು. "ಅಲ್ಲಿರೂದು ಮಂದಿ ಅಲ್ಲೇನು? ಅವರ ಎದಿ ಕಬ್ಬಿಣದ್ದ?" ಎಂದವರೇ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರು. ಮೂರು ದಿನ ಬೆಂಕಿಯ ಜಾಗದಲ್ಲೇ ಕುರ್ಚಿ ಹಾಕಿ ಕುಳಿತರು. ಗುಡಿಸಲಿನ ಹೆಂಗಸರು ಮೊದಲು ನಕ್ಕರು, ಎರಡನೆಯ ದಿನ ನೀರು ತಂದುಕೊಟ್ಟರು, ಮೂರನೆಯ ದಿನ ಪಕ್ಕದಲ್ಲಿ ಬಂದು ಕುಳಿತರು. ಕೊನೆಗೆ ವ್ಯಾಪಾರಿ ತಂತಿಯ ಸಿಪ್ಪೆ ಸುಲಿಯುವ ಕೈಯಂತ್ರ ತರಿಸಿದ. ಕಾಕೂ ಅದರ ಹಿಡಿಕೆಯನ್ನು ತಾವೇ ತಿರುಗಿಸಿ ನೋಡಿ, "ಇಷ್ಟ ಹಗರ ಇತ್ತಲ್ಲೋ" ಎಂದರಂತೆ. ಕಾಕೂ ಎಲ್ಲವನ್ನೂ ಗೆದ್ದರೆಂದು ನಾನು ಬರೆಯಲಾರೆ. ಚಳಿಗಾಲದಲ್ಲಿ ಕಸದ ರಾಶಿಗೆ ಬೆಂಕಿ ಹಚ್ಚುವವರು ಈಗಲೂ ಇದ್ದಾರೆ. ಆದರೆ ಆ ತಂತಿಯ ಬೆಂಕಿ ಮತ್ತೆ ಹತ್ತಲಿಲ್ಲ.

ಇಷ್ಟೆಲ್ಲ ನೋಡಿಯೂ ನಾನು ಕಲಿತದ್ದು ಕಡಿಮೆ. ಅದು ನನಗೆ ಗೊತ್ತಾದದ್ದು ದಸರಾ ರಜೆಯಲ್ಲಿ.

ನನ್ನ ಅವ್ವ ಕರೆದಿದ್ದಾಳೆಂದು ಕಾಕೂ ನನ್ನೊಂದಿಗೆ ಪಾಳಾಕ್ಕೆ ಬಂದಿದ್ದರು. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಇತ್ತು. ಹೂವಿನ ಬಟ್ಟೆ ಹೊದ್ದು ಪಡಸಾಲೆಯ ಮೂಲೆಯಲ್ಲಿ ಕೂತಿತ್ತು. ಬೀಗರು ಬಂದರೆ ಚಹಾಕ್ಕೆ ಮಾತ್ರ. ಉಳಿದದ್ದೆಲ್ಲ ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ, ಕಟ್ಟಿಗೆಯ ಮೇಲೆ. ಅವ್ವ ಬೆಳಗಿನಿಂದ ಕಡಬು ಮಾಡುತ್ತಿದ್ದಳು. ನಡುವೆ ಎದ್ದು ಬಂದು ಗೋಡೆಗೆ ಒರಗಿ ಕುಳಿತು, ಎಡಭುಜ ಒತ್ತಿಕೊಂಡು, ದವಡೆ ಜಗ್ಗುತ್ತಿದೆ ಎಂದಳು.

"ಹಲ್ಲ ನೋವಿರಬೇಕು" ಎಂದೆ ನಾನು. ವಿಜ್ಞಾನ ಶಿಕ್ಷಕಿ.

"ದಣಕೊಂಡಾಳ. ಎಣ್ಣಿ ಹಚ್ಚಿ ಮಲಗಸ್ರಿ" ಎಂದರು ಅಪ್ಪ.

ಕಾಕೂ ಎದ್ದು ಬಂದು ಅವ್ವನ ಹಣೆಯ ಮೇಲೆ ಅಂಗೈ ಇಟ್ಟರು. ಕೈ ತೆಗೆದು ನೋಡಿಕೊಂಡರು. ಒದ್ದೆ. "ಅಕ್ಕಾ, ವಾಕರಿಕಿ ಬಂದಂಗ ಆಗತೈತೇನು?" ಅವ್ವ ಹೂಂ ಎಂದು ತಲೆಯಾಡಿಸಿದಳು.

"ಅಕ್ಕೋರ, ಗಾಡಿ."

"ಯಾಕ?" ಎಂದರು ಅಪ್ಪ.

"ಎದಿ ಬ್ಯಾನಿ ಐತಿ ಇದು."

"ಹೆಂಗಸರಿಗೆಲ್ಲಿ ಎದಿ ಬ್ಯಾನಿ ಬರ್ತೈತ್ರೀ? ಒಂದ ದಿನಾ ಬೀಡಿ ಮುಟ್ಟಿದಾಕಿ ಅಲ್ಲ. ಮತ್ತ ಇವತ್ತ ಅಮಾಸಿ. ನಾಳೆ ಮುಂಜಾನೆ ಹೋಗೂಣು."

ಅಪ್ಪನಿಗೆ ಊರಲ್ಲಿ ಯಾರೂ ಎದುರಾಡುವುದಿಲ್ಲ. ಕಾಕೂ ಅವರ ಮುಂದೆ ಹೋಗಿ ನಿಂತು, ಕೂದಲಿಲ್ಲದ ಆ ಕೈಯನ್ನು ಮುಂದೆ ಚಾಚಿದರು. "ಅಣ್ಣಾರ, ನಾನೂ ಬೀಡಿ ಮುಟ್ಟಿಲ್ಲ. ನನ್ನ ಎದ್ಯಾಗ ಸ್ಟೆಂಟ್ ಐತಿ. ನನ್ನ ಗಂಡಗ ನಾ ಸೋಡಾ ಕುಡಿಸಿ ಮಲಗಿಸಿದೆ. ನಾಳೆ ಬರಲಿಲ್ಲ. ನೀವು ಬೈರಿ, ನಾಳೆ ಬಂದು ಬೈಸಿಕೊಳ್ತೇನಿ. ಈಗ ದಾರಿ ಬಿಡ್ರಿ."

ಅಪ್ಪ ದಾರಿ ಬಿಟ್ಟರು.

ಪಕ್ಕದ ಮನೆಯ ಮುಂದೆ ಗೋವಿನಜೋಳದ ಚೀಲ ಇಳಿಸುತ್ತಿದ್ದ ಸಣ್ಣ ಗೂಡ್ಸ್ ಗಾಡಿ ನಿಂತಿತ್ತು. ಅರ್ಧ ಚೀಲಗಳು ಇನ್ನೂ ಅದರಲ್ಲೇ ಇದ್ದವು. ಅವುಗಳ ಮೇಲೆ ಕೌದಿ ಹಾಸಿ ಅವ್ವನನ್ನು ಮಲಗಿಸಿ ಮುಂಡಗೋಡಕ್ಕೆ ಒಯ್ದೆವು. ಕಾಕೂ ದಾರಿಯುದ್ದಕ್ಕೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಡಬಿಗೆ ಏನೇನು ಹಾಕುತ್ತಾರೆಂದು ಕೇಳುತ್ತಿದ್ದರು, ಅವ್ವ ಕಣ್ಣು ಮುಚ್ಚದಿರಲಿ ಎಂದು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದವರು ಕಾಗದ ನೋಡುತ್ತಲೇ ಡಾಕ್ಟರನ್ನು ಕರೆದರು. ಗುಳಿಗೆ ಕೊಟ್ಟು, ಇಂಜೆಕ್ಷನ್ ಚುಚ್ಚಿ, ಆಂಬುಲೆನ್ಸ್ ಕರೆಸಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಮುಚ್ಚಿದ್ದ ನಾಳವನ್ನು ತೆರೆದು ಹೊರಗೆ ಬಂದು, "ಕರೆದುಕೊಂಡು ಬಂದವರು ಯಾರು?" ಎಂದು ಕೇಳಿದರು. ನಾನು ತಿರುಗಿ ನೋಡಿದರೆ ಕಾಕೂ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದರು, ಸೆರಗಿನ ತುಂಬ ಗೋವಿನಜೋಳದ ಹೊಟ್ಟು.

ಅವ್ವ ಮನೆಗೆ ಬರುವಷ್ಟರಲ್ಲಿ ಅಪ್ಪ ಅಡಿಗೆಮನೆಯ ಗೋಡೆ ಒಡೆದು ಕಿಟಕಿ ಇಡಿಸಿದ್ದರು. ಗ್ಯಾಸ್ ಒಲೆ ಹೂವಿನ ಬಟ್ಟೆ ಕಳಚಿ ಒಳಗೆ ಹೋಗಿತ್ತು. ಯಾರೂ ಹೇಳಿರಲಿಲ್ಲ. ಅಪ್ಪ ಕ್ಷಮೆ ಕೇಳುವ ರೀತಿ ಅದು.

ಕಾಕೂ ಆಮೇಲೆ ಆರು ವರ್ಷ ಇದ್ದರು. ಕೊನೆಯ ಎರಡು ವರ್ಷ ಕಾಲು ಬಾತುಕೊಳ್ಳುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು, ಮೂರು ತಲೆದಿಂಬು ಒಟ್ಟಿ ಒರಗಿ ಕೂರುತ್ತಿದ್ದರು. ಹೃದಯಕ್ಕೆ ಶಕ್ತಿ ಉಳಿದಿಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು. ಕಾಕೂ ಅದನ್ನು ನನ್ನ ಮುಖದಲ್ಲೇ ಓದಿಬಿಟ್ಟರು. ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಇಷ್ಟ ಮಾಡಿದ್ರಿ. ಒಲಿ ಒಡದ್ರಿ, ಉಪ್ಪ ಬಿಟ್ರಿ, ಊರ ಮಂದಿ ಜೋಡಿ ಜಗಳಾಡಿದ್ರಿ. ಆದ್ರೂ ನಿಮಗ ಹಿಂಗ ಆತಲ್ಲ ಕಾಕೂ" ಎಂದು ಅತ್ತೆ.

ಅವರಿಗೆ ನಗು ಬಂತು. ನಗುವುದಕ್ಕೂ ಉಸಿರು ಸಾಲದೆ ಸ್ವಲ್ಪ ಹೊತ್ತು ತಡೆದರು.

"ನನ್ನ ಎದಿ ಕೆಟ್ಟಿದ್ದು ಮೊದಲಿನ ಮೂವತ್ತು ವರ್ಷದಾಗ ಅಕ್ಕೋರ. ಅದು ಹೋಗಿದ್ದು ಹೋತು. ನಾ ಜಗಳಾಡಿದ್ದು ನಿಮ್ಮ ಮುಂದಿನ ಮೂವತ್ತು ವರ್ಷಕ್ಕ. ಅಳಬ್ಯಾಡ್ರಿ, ಆ ಮೆಂತೆ ಸೊಪ್ಪ ಸೋಸ್ರಿ."

ಈ ವರ್ಷ ಮಳೆಗಾಲ ಮುಗಿದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಖಾನಾವಳಿಯಲ್ಲಿ ಈರುಳ್ಳಿ ಹೆಚ್ಚುವವಳಿಗೆ ಏನೋ ಹೇಳುತ್ತಾ ಕುರ್ಚಿಯಲ್ಲೇ ಹೋದರು. ಶಾಲೆಗೆ ಫೋನು ಬಂತು. ನಾನು ಪಾಠ ಅರ್ಧಕ್ಕೆ ಬಿಟ್ಟು ಓಡಿದೆ. ಮಧ್ಯಾಹ್ನದ ಹೊತ್ತಿಗೆ ಓಣಿ ತುಂಬಿತ್ತು. ಫಿಟ್ಟರ್ ಬಂದಿದ್ದರು, ಸಿಸ್ಟರ್ ಬಂದಿದ್ದರು, ಹಳಿಯಾಳ ರಸ್ತೆಯ ಗುಡಿಸಲಿನ ಹೆಂಗಸರು ಒಂದು ಟಂಟಂ ಆಟೋ ತುಂಬ ಬಂದಿದ್ದರು. ಗುಜರಿ ವ್ಯಾಪಾರಿ ದೂರ ಒಂದು ಕಂಬಕ್ಕೆ ಒರಗಿ ನಿಂತಿದ್ದ. ನನ್ನ ಅವ್ವ ಪಾಳಾದಿಂದ ಮೂರು ಬಸ್ಸು ಬದಲಿಸಿ, ಒಬ್ಬಳೇ ಬಂದು, ಕಾಕೂ ಅವರ ಕಾಲ ಬಳಿ ಕುಳಿತಳು.

ಮುಖಂಡರು ಹೂವಿನ ಹಾರ ಹಾಕಿ ಹಿಂದೆ ಸರಿದರು. ಕೆಟ್ಟ ಮನಸ್ಸಿನಿಂದಲ್ಲ, ಏನಾದರೂ ಹೇಳಬೇಕಲ್ಲ ಎಂದು ಪಕ್ಕದವರಿಗೆ ಹೇಳಿದರು: "ಹೊಗಿ ಅಂತ, ಉಪ್ಪ ಅಂತ, ಜೀವನಾ ಪೂರ್ತಿ ಹೊಡದಾಡಿದ್ಲು. ಕಡೀಕ ಆಕೀನೂ ಎದಿ ಒಡದ ಹೋದ್ಲು. ಏನ ಸಾಧಿಸಿದಂಗಾತು?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು ನಿಂತಳು. ಗಂಡಸರ ಮುಂದೆ ದನಿ ಎತ್ತಿದವಳಲ್ಲ ನನ್ನ ಅವ್ವ. ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಅಂದಳು:

"ನಾ ನಿಂತೇನಲ್ರಿ ಇಲ್ಲೆ."